ಹಂದರದ ಕೆಳಗಿನ ಧೂಪದ ಗಿಡ

ಏಪ್ರಿಲ್ ಚಾಟ್ನಿಗೆ, ಅಂದರೆ ಬಳ್ಳಿ ಸವರುವ ಕೆಲಸಕ್ಕೆ, ಬಂದ ಮಾಳುವಿನ ಗ್ಯಾಂಗು ಬೆಳಗಿನಿಂದ ದ್ರಾಕ್ಷಿ ಬಳ್ಳಿಯ ಕಡ್ಡಿ ಕತ್ತರಿಸುತ್ತ ಬಂದಿತ್ತು. ಕತ್ತರಿ ಹಾಯ್ದಲ್ಲೆಲ್ಲ ಹಂದರ ಬೋಳಾಗಿ, ಹೊನವಾಡದ ಬಿಸಿಲು ನೆಟ್ಟಗೆ ನೆಲಕ್ಕೆ ಬೀಳುತ್ತಿತ್ತು. ಉಳಿದದ್ದು ಮೂರೇ ಸಾಲು. ಅವುಗಳ ನಡುವೆ ಮಹಾನಂದಾಳ ಧೂಪದ ಗಿಡ.

ಮೂರು ವರ್ಷದ ಹಿಂದೆ, ಮಹಿಳಾ ಸಂಘದವರ ಜೊತೆ ಘಟ್ಟದ ಕಾಡು ನೋಡಲು ಹೋದಾಗ ಆರಿಸಿದ ಬೀಜ ಅದು. ಮುಗಿಲಿಗೆ ಹತ್ತಿದ ಮರ. ಅದರ ಅಂಟೇ ದೇವರ ಮುಂದೆ ಸುಡುವ ಧೂಪ. ಮರಿಗಿಡಗಳು ಮಾತ್ರ ದೊಡ್ಡ ಮರಗಳ ಕತ್ತಲಲ್ಲಿ, ಹಸಿ ತರಗೆಲೆಯ ಮೇಲೆ, ತಮ್ಮ ಪಾಳಿಗಾಗಿ ಕಾಯುತ್ತಿದ್ದವು.

“ನಿಮ್ಮ ಬಿಸಿಲೂರಲ್ಲಿ ಇದು ಎಂಟು ದಿನ ಬದುಕಲ್ಲಮ್ಮ,” ಎಂದು ಕಾಡು ತೋರಿಸಿದವನು ನಕ್ಕಿದ್ದ. ಯಾರು ಎಲ್ಲಿ ಬೆಳೆಯಬೇಕೆಂದು ಗೆರೆ ಎಳೆಯುವವರನ್ನು ಮಹಾನಂದಾ ಹುಟ್ಟಿದಾಗಿನಿಂದ ಕಂಡಿದ್ದಳು. ಬೀಜ ಒಣಗದಂತೆ ಹಸಿ ಅರಿವೆಯಲ್ಲಿ ಸುತ್ತಿ ತಂದು, ಹಂದರದ ನೆರಳಲ್ಲಿ, ಹನಿನೀರಿನ ಪೈಪಿನ ಬಾಯಿಗೆ ಊರಿದ್ದಳು. ಹೋದ ಎರಡು ಚಾಟ್ನಿಯಲ್ಲಿ ಬುಟ್ಟಿ ಬೋರಲು ಹಾಕಿ ಕಾದಿದ್ದಳು. ಈಗ ಗಿಡ ಎದೆಯೆತ್ತರ. ಯಾವ ಬುಟ್ಟಿಯೂ ಸಾಲದು.

“ವೈನಿ, ಇದರ ತುದಿ ಕರಕಾಗೇತಲ್ರಿ,” ಎಂದ ಮಾಳು ಕೆಂಪು ಎಲೆಗಳಿಗೆ ಕತ್ತರಿ ಒಡ್ಡಿದ.

ಮಹಾನಂದಾ ಅಂಗೈ ಅಡ್ಡ ಹಿಡಿದಳು. “ಕರಕಾಗಿಲ್ಲೋ, ಚಿಗರೇತಿ! ಇದರ ಎಳಿ ಎಲಿ ಹುಟ್ಟೋದ ಕೆಂಪ. ಸುತ್ತಲಿನ ನಾಕು ಬಳ್ಳಿ ಮುಟ್ಟಬ್ಯಾಡ. ನೆರಳ ಹೋದ್ರ ಇದು ಸಾಯ್ತೈತಿ.”

“ಚಾಟ್ನಿ ಬಿಟ್ಟ ಬಳ್ಳಿ ಕಾಯಿ ಹಿಡಿಯಂಗಿಲ್ರಿ. ಆಯಿನ ಕೇಳ್ರಿ ಮೊದಲ.”

ಆಯಿ ಎಂದರೆ ಅತ್ತೆ ಮುರಿಗೆವ್ವ, ತೋಟ ಅವಳದು. ಮೂರು ವರ್ಷ ಗಿಡವನ್ನು ‘ಘಟ್ಟದ ಬೀಗತಿ’ ಎಂದು ಆಡಿಕೊಂಡವಳು. ಬದುವಿನಿಂದ ಎದ್ದು ಬಂದು ಕೆಂಪೆಲೆಯನ್ನು ಬೆರಳಲ್ಲಿ ಸವರಿದಳು.

“ಮಾಳ್ಯಾ, ಈ ಕಲ್ಲಮಡ್ಡಿಯೊಳಗ ನಾ ಒಬ್ಬಾಕಿನ ದ್ರಾಕ್ಷಿ ಹಚ್ಚಿದಾಗ ನಿಮ್ಮಪ್ಪ ಏನಂದಿದ್ದ?”

ಮಾಳು ಕತ್ತು ಕೆರೆದ. “ಬಳ್ಳಿಗಿ ಹಣ್ಣಲ್ಲ, ಕಲ್ಲ ಬಿಡತಾವ ಅಂದಿದ್ನಂತ್ರಿ.”

“ಮತ್ತ, ತಿಂದನಿಲ್ಲೋ ಆ ಕಲ್ಲ?”

“ಬುಟ್ಟಿಗಟ್ಲೆ ತಿಂದಾನ್ರಿ ಆಯಿ.”

ಗ್ಯಾಂಗೆಲ್ಲ ಹೋ ಎಂದು ನಕ್ಕಿತು.

“ಹಂಗಾದ್ರ ನಾಕಲ್ಲ, ಎಂಟು ಬಳ್ಳಿ ಬಿಡು. ಬೀಗತಿಗಿ ಅಂಗೈಯಷ್ಟ ನೆರಳ ಕೊಟ್ರ ನನಗ ಮರ್ಯಾದಿ ಅಲ್ಲ.”

ಹೊತ್ತು ಇಳಿಯುವಷ್ಟರಲ್ಲಿ ತೋಟವೆಲ್ಲ ಬೋಳು; ನಡುವೆ ಒಂದೇ ಹಸಿರು ಚಪ್ಪರ. ಹೊರಟ ಮಾಳು ತಿರುಗಿ ನಿಂತ.

“ವೈನಿ, ಬರೂ ವರ್ಷ ಇದರ ತುದಿ ಹಂದರದ ತಂತಿಗಿ ಹತ್ತತೈತಿ. ಆಗ ಏನ ಕತ್ತರಸ್ತೀರಿ?”

“ತಂತಿ,” ಎಂದಳು ಮಹಾನಂದಾ.