ಲಾರಿಯ ಕೆಳಗಿನ ಜಾಗ

ಬೆಳಗಾಗುವಷ್ಟರಲ್ಲಿ ಟ್ರೇಲರ್ ಲಾರಿ ಮತ್ತೆ ಬಲಕ್ಕೆ ವಾಲಿತ್ತು. ಸಂಜೆ ನೆಟ್ಟಗೆ ನಿಲ್ಲಿಸಿದ್ದ ಗಾಡಿ ಸೊಂಟ ಮುರಿದ ಎಮ್ಮೆಯ ಹಾಗೆ ಕೂತುಬಿಟ್ಟಿತ್ತು. ಮೇಲೆ ಕಬ್ಬಿಣದ ಹಾಳೆಗಳ ಲೋಡು ಬೇರೆ.

ಮೇಸ್ತ್ರಿ ಸೋಪಿನ ನೀರಿನ ಬಕೆಟ್ಟು ಹಿಡಿದು ಬಂದ. ಲಾರಿ ಅಂಗಳದವರೆಲ್ಲ ಅವನನ್ನು ಉಸಿರು ಮೇಸ್ತ್ರಿ ಅನ್ನುತ್ತಿದ್ದರು. ಹಳೆಯ ಲಾರಿಗಳಿಗೆ ಉಕ್ಕಿನ ಪಟ್ಟಿಗಳಿದ್ದ ಜಾಗದಲ್ಲಿ ಈ ಹೊಸ ಗಾಡಿಗಳಿಗೆ ಗಾಳಿ ತುಂಬಿದ ದಪ್ಪ ರಬ್ಬರ್ ಚೀಲ. ಚೀಲ ಉಬ್ಬಿದ್ದರೆ ಗಾಡಿ ನಿಲ್ಲುತ್ತದೆ. ಸೊರಗಿದರೆ ಕೂರುತ್ತದೆ. ಒಡೆದರೆ ಮೇಲಿನ ಭಾರವೆಲ್ಲ ಒಂದೇ ಏಟಿಗೆ ಕೆಳಗಿಳಿಯುತ್ತದೆ. ಗಾಳಿ ಎಲ್ಲಿ ಸೋರುತ್ತಿದೆ ಎಂದು ಕಿವಿಗೊಟ್ಟು ಹುಡುಕುವುದೇ ಅವನ ಕೆಲಸ.

"ಏನ್ ಭಾವ, ನಾಡಿ ಸಿಕ್ತಾ?" ಎಂದ ಆ ಲಾರಿಯ ಡ್ರೈವರ್. ಅವನು ಮೇಸ್ತ್ರಿಯ ಹೆಂಡತಿಯ ತಮ್ಮ.

"ನಿನ್ನ ಗಾಡಿಗೂ ನಿನ್ನ ರೋಗಾನೇ ಕಣೋ. ನಿಂತ ಕಡೆ ಮಲಗೋದು."

ಪಕ್ಕದ ಶೆಡ್ಡಿನಲ್ಲಿ ಹರಿದ ಟಾರ್ಪಾಲಿಗೆ ತೇಪೆ ಹೊಲಿಯುತ್ತಿದ್ದ ಹೆಂಡತಿ ಅಲ್ಲಿಂದಲೇ ನಕ್ಕಳು. "ನನ್ನ ತಮ್ಮನಿಗೆ ಅನ್ನೋಕೆ ಮುಂಚೆ ನಿಮ್ಮ ಗೊರಕೆ ನೋಡ್ಕೊಳ್ಳಿ. ಅದಕ್ಕಿಂತ ಲಾರಿ ಹಾರನ್ನೇ ವಾಸಿ."

ಡ್ರೈವರ್ ಎಂಜಿನ್ ಚಾಲೂ ಮಾಡಿದ. ಚೀಲಗಳಿಗೆ ಗಾಳಿ ಏರಿ ಗಾಡಿ ನರಳುತ್ತ ಮೇಲೆದ್ದಿತು. ಮೇಸ್ತ್ರಿ ಹೊರಗಿನಿಂದಲೇ ಸೋಪಿನ ನೀರು ಎರಚಿದ. ಬಲಗಡೆ ಹಿಂದಿನ ಚೀಲದ ಮಡಿಕೆಯಲ್ಲಿ ಬಿಳಿ ಗುಳ್ಳೆ ಎದ್ದವು. ರಬ್ಬರು ಒಣಗಿ ಬಿರುಕುಬಿಟ್ಟು ಒಳಗಿನ ನೂಲು ಕಾಣುತ್ತಿತ್ತು. ಗಾಡಿಯ ಎತ್ತರ ಕಾಯುವ ವಾಲ್ವಿನ ಕಡ್ಡಿ ಮುರಿದು, ಯಾರೋ ತಂತಿಯಲ್ಲಿ ಕಟ್ಟಿದ್ದರು.

ಅಷ್ಟರಲ್ಲಿ ಲಾರಿಗಳ ಧಣಿಯ ಕಾರು ಬಂತು.

"ಇನ್ನೂ ಹೊರಟಿಲ್ವಾ ಇದು?"

"ಚೀಲ ಸತ್ತೋಗಿದೆ ಧಣಿ," ಎಂದ ಮೇಸ್ತ್ರಿ. "ಮಳೆಗಾಲಕ್ಕೆ ಮುಂಚಿನಿಂದ ಹೇಳ್ತಾನೇ ಇದ್ದೀನಿ. ಹೊಸದು ಹಾಕ್ಬೇಕು."

"ಹಾಕೋಣ ಮಾರಾಯ, ನಾನು ಬೇಡ ಅಂದ್ನಾ? ಈ ಟ್ರಿಪ್ ಮುಗೀಲಿ. ಆ ಚೀಲಕ್ಕೆ ಗಾಳಿ ಹೋಗೋ ಪೈಪು ಮುಚ್ಚು. ಉಳಿದ ಚೀಲ ಎಳ್ಕೊಂಡು ಹೋಗ್ತವೆ."

"ಈ ಲೋಡಲ್ಲಿ ಮುಚ್ಚಿದ್ರೆ ಉಳಿದವೂ ಹೋಗ್ತವೆ. ದಾರೀಲಿ ಇವನ ಗತಿ?"

"ಪೈಪು ಮುಚ್ಚು ಅಂದೆ."

ಮೇಸ್ತ್ರಿ ಕೈಯೊರೆಸಿಕೊಂಡ. "ಸ್ಟ್ಯಾಂಡ್ ತರಿಸಿ. ಇಲ್ದೆ ಕೆಳಗೆ ಹೋಗೋಕೆ ಆಗಲ್ಲ."

ಗಾಡಿಯ ಚೌಕಟ್ಟಿಗೆ ಆನಿಸಿ ನಿಲ್ಲಿಸುವ ಕಬ್ಬಿಣದ ಸ್ಟ್ಯಾಂಡುಗಳು ಅಂಗಳದಲ್ಲಿ ಇರಲಿಲ್ಲ. ಧಣಿ ತನ್ನ ಮನೆಯ ಮೇಲೆ ಇನ್ನೊಂದು ಮಹಡಿ ಕಟ್ಟಿಸುತ್ತಿದ್ದ. ಅಲ್ಲಿ ಹಲಗೆಗಳಿಗೆ ಆಸರೆ ಕೊಡಲು ಅವನ್ನು ಹೊತ್ತುಕೊಂಡು ಹೋಗಿದ್ದರು. ನಾಳೆ ಬರುತ್ತವೆ, ನಾಡಿದ್ದು ಬರುತ್ತವೆ ಎಂಬ ಮಾತಿನಲ್ಲೇ ಕಾಲ ಕಳೆದಿತ್ತು.

"ಒಂದು ಪೈಪು ಮುಚ್ಚೋಕೆ ಸ್ಟ್ಯಾಂಡು ಬೇರೆ ಕೇಡು," ಎಂದ ಧಣಿ. "ನಿನ್ನ ಕೈಲಾಗಲ್ಲ ಅಂದ್ರೆ ಹೇಳು. ಗೇಟಿನ ಹತ್ರ ಕೆಲಸ ಕೇಳ್ಕೊಂಡು ಎಷ್ಟೋ ಜನ ನಿಂತಿದ್ದಾರೆ. ನಿನ್ನ ಹೆಂಡ್ತೀನೂ ಟಾರ್ಪಾಲು ಮಡಚಿಟ್ಟು ಹೊರಡಲಿ."

ಶೆಡ್ಡಿನಲ್ಲಿ ಸೂಜಿ ನಿಂತಿತು. ಚಹಾ ಕುಡಿಯುತ್ತ ನಿಂತಿದ್ದ ಡ್ರೈವರ್‌ಗಳು ಲೋಟದೊಳಗೆ ನೋಡಿದರು. ವೆಲ್ಡಿಂಗಿನವನು ಮುಖಕ್ಕೆ ಕನ್ನಡಕ ಎಳೆದುಕೊಂಡ.

ಮೇಸ್ತ್ರಿ ಹೆಂಡತಿಯ ಕಡೆ ಒಮ್ಮೆ ನೋಡಿದ. ಮರದ ದಿಮ್ಮಿಯೊಂದನ್ನು ಎಳೆದು ಚೌಕಟ್ಟಿನ ಕೆಳಗಿಟ್ಟ. ದಿಮ್ಮಿಗೆ ಗೆದ್ದಲು ಹಿಡಿದಿತ್ತು. ಬಾಮೈದನಿಗೆ, "ಎಂಜಿನ್ ಆರಿಸು, ಯಾವ ಸ್ವಿಚ್ಚೂ ಮುಟ್ಟಬೇಡ," ಎಂದು ಹೇಳಿ ಅಂಗಾತ ಮಲಗಿ ಒಳಗೆ ಸರಿದ. ಹೊರಗೆ ಅವನ ಕಾಲಷ್ಟೇ ಕಾಣುತ್ತಿದ್ದವು.

ಬಂದೂಕು ಹಾರಿಸಿದಂಥ ಸದ್ದಾಯಿತು. ಅಂಗಳದಲ್ಲಿ ದೂಳೆದ್ದಿತು. ದಿಮ್ಮಿ ಪುಡಿಯಾಗಿ ಗಾಡಿ ಒಮ್ಮೆಗೇ ಕೂತಿತು.

ಅವಳು ಓಡಿ ಬಂದಾಗ ಬಕೆಟ್ಟು ಉರುಳಿ ಸೋಪಿನ ನೀರು ಹರಿಯುತ್ತಿತ್ತು. ಚೌಕಟ್ಟಿಗೂ ಚಕ್ರದ ಅಚ್ಚಿಗೂ ನಡುವೆ ಅವನ ಎದೆ ಸಿಕ್ಕಿಕೊಂಡಿತ್ತು. "ಎತ್ರೋ! ಎತ್ರೋ!" ಎಂದು ತಮ್ಮ ಕೂಗುತ್ತ ಜಾಕ್ ಒತ್ತಿದ. ಎಲ್ಲರೂ ಸೇರಿ ಒತ್ತಿದರು. ಅವಳು ಅವನ ಪಾದ ಹಿಡಿದುಕೊಂಡು, "ಬಂದ್ರು, ಈಗ ಎತ್ತುತಾರೆ, ಸ್ವಲ್ಪ ತಡ್ಕೊಳ್ಳಿ," ಎನ್ನುತ್ತಲೇ ಇದ್ದಳು. ಗಾಡಿ ಎದ್ದಾಗ ಪಾದ ತಣ್ಣಗಾಗಿತ್ತು. ಅವಳು ಇನ್ನೂ ತಡ್ಕೊಳ್ಳಿ ಅನ್ನುತ್ತಲೇ ಇದ್ದಳು.

ಹೆಣ ಆಸ್ಪತ್ರೆಗೆ ಹೋಯಿತು. ವಿಚಾರಣೆಯ ಅಧಿಕಾರಿ ಬರುವ ಹೊತ್ತಿಗೆ ಲಾರಿಯ ಸುತ್ತ ಸ್ಟ್ಯಾಂಡುಗಳು ಬಂದು ನಿಂತಿದ್ದವು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದು ಕೇಳಿದ್ದೇವೆ. ಇಲ್ಲಿ ಬಾಗಿಲು ಮೊದಲಿನಿಂದಲೂ ಇತ್ತು ಎಂದು ತೋರಿಸುತ್ತಿದ್ದರು.

"ಎಲ್ಲಾ ಸೌಕರ್ಯ ಕೊಟ್ಟಿದ್ದೀವಿ ಸಾರ್," ಎಂದ ಧಣಿ. "ಇವರಿಗೆ ಉಡಾಫೆ. ಏನ್ ಮಾಡೋದು, ಹಣೆಬರಹ."

ಆಸ್ಪತ್ರೆಯಿಂದ ನೇರ ಬಂದಿದ್ದ ಅವಳು ಸ್ಟ್ಯಾಂಡಿನ ಹತ್ತಿರ ಹೋದಳು. ಕಾಲಿಗೆ ಗಟ್ಟಿಯಾಗಿ ಅಂಟಿದ್ದ ಸಿಮೆಂಟನ್ನು ಉಗುರಿನಿಂದ ಕೆರೆದು ಅಂಗೈಯಲ್ಲಿ ಹಿಡಿದಳು.

"ಲಾರಿಗೆ ಸಿಮೆಂಟ್ ಮೆತ್ತುತಾರಾ ಸಾರ್?"

ಅಧಿಕಾರಿ ಅಂಗೈ ನೋಡಿದ. ಧಣಿಯ ಮುಖ ನೋಡಿದ. "ನೀನು ದುಃಖದಲ್ಲಿದ್ದೀಯಮ್ಮ. ಆಚೆ ಕೂತ್ಕೋ." ನಂತರ ಡ್ರೈವರ್ ಕಡೆ ತಿರುಗಿದ. "ಸ್ಟ್ಯಾಂಡ್ ಇತ್ತಾ, ಇರ್ಲಿಲ್ವಾ?"

ಅವನಿಗೆ ಧಣಿ ಮೊದಲೇ ಹೇಳಿ ಕಳಿಸಿದ್ದ: ಇತ್ತು ಅಂದರೆ ಹೊಸ ಗಾಡಿ, ಇರಲಿಲ್ಲ ಅಂದರೆ ಗೇಟಿನಿಂದ ಹೊರಗೆ. ಅವನ ಹೆಂಡತಿ ತುಂಬು ಬಸುರಿ. ಅವನು ಅಕ್ಕನ ಕಡೆ ನೋಡಲಾರದೆ ನೆಲ ನೋಡಿದ. ಅಕ್ಕ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

"ಇರ್ಲಿಲ್ಲ," ಎಂದ ಅವನು. "ಇವರ ಮನೆ ಮಹಡಿ ಕೆಳಗಿದ್ವು. ಕೇಳಿದ್ರು ಭಾವ. ನಾವೆಲ್ಲ ಕೇಳಿಸ್ಕೊಂಡ್ವಿ."

"ಬೇರೆ ಯಾರಾದ್ರೂ ಹೇಳ್ತಾರಾ?"

ಡ್ರೈವರ್‌ಗಳು ಒಬ್ಬೊಬ್ಬರಾಗಿ ತಮ್ಮ ಗಾಡಿಗಳ ಕಡೆ ಸರಿದರು. ಅಧಿಕಾರಿ ಕಾರು ಹತ್ತಿದ. ಸಾವು ಮೇಸ್ತ್ರಿಯದೇ ಅಜಾಗರೂಕತೆಯಿಂದ ಆಯಿತು ಎಂದು ತೀರ್ಮಾನವಾಯಿತು. ಡ್ರೈವರ್‌ಗೆ ಗೇಟೇ ಗತಿಯಾಯಿತು.

ಮೇಸ್ತ್ರಿಯನ್ನು ಹೂಳಿದ ಮಣ್ಣು ಇನ್ನೂ ಆರಿರಲಿಲ್ಲ, ಲಾರಿಗೆ ಹೊಸ ಚೀಲ ಬಂತು. ಅವನು ಕೇಳಿ ಕೇಳಿ ಸಾಕಾದದ್ದು ಒಂದಕ್ಕೆ. ಈಗ ಎಲ್ಲ ಚಕ್ರಗಳಿಗೂ ಬಂದಿದ್ದವು. ಹಾಕುವುದಕ್ಕೆ ಹೊಸ ಮೇಸ್ತ್ರಿಯೊಬ್ಬ ಬಂದ. ತಲೆ ನೆರೆತವನು, ಬೇರೆ ಕಡೆ ಕೆಲಸ ಕಳೆದುಕೊಂಡವನು. ಸ್ಟ್ಯಾಂಡುಗಳು ಮತ್ತೆ ಮಹಡಿಗೆ ಹೋಗಿದ್ದವು.

ಅವಳು ಗಂಡನ ಉಳಿದ ಬಟ್ಟೆ, ಚಪ್ಪಲಿ ಒಯ್ಯಲು ತಮ್ಮನ ಜೊತೆ ಅಂಗಳಕ್ಕೆ ಬಂದಿದ್ದಳು. ಹೊಸ ಮೇಸ್ತ್ರಿ ನೆಲಕ್ಕೆ ಗೋಣಿ ಹಾಸುವುದು ಕಂಡು ಹತ್ತಿರ ಹೋದಳು.

"ಅಣ್ಣಾ, ಹೋಗ್ಬೇಡಿ. ನನ್ನ ಯಜಮಾನ್ರು ಅಲ್ಲೇ ಹೋದ್ರು."

ಅವನು ಗೋಣಿಯನ್ನೂ ಅವಳನ್ನೂ ನೋಡಿದ. ಅವನಿಗೂ ಹೊಟ್ಟೆಪಾಡು. ಆಮೇಲೆ ಸ್ಪ್ಯಾನರನ್ನು ನೆಲಕ್ಕಿಟ್ಟ.

"ಸ್ಟ್ಯಾಂಡ್ ಬರೋವರೆಗೂ ನಾನು ಕೆಳಗೆ ಹೋಗಲ್ಲ ಧಣಿ."

"ಹಾಗಾದ್ರೆ ಮನೆಗೆ ಹೋಗು," ಎಂದ ಅಲ್ಲೇ ನಿಂತಿದ್ದ ಧಣಿ.

"ಅವರು ಹೋದ್ರೆ ನಾನೂ ಹೋಗ್ತೀನಿ," ಎಂದ ವೆಲ್ಡಿಂಗಿನವನು. ಕನ್ನಡಕ ಹಣೆಯ ಮೇಲಿತ್ತು. ಡ್ರೈವರೊಬ್ಬ ತನ್ನ ಗಾಡಿಯ ಎಂಜಿನ್ ಆರಿಸಿದ. ಅವನ ಹಿಂದಿನವನೂ ಆರಿಸಿದ. ಒಂದೊಂದೇ ಲಾರಿಯ ಸದ್ದು ನಿಲ್ಲುತ್ತ ಬಂತು. ಎಲ್ಲರೂ ಇಳಿದು ಬಂದು ಹೊಸ ಮೇಸ್ತ್ರಿಯ ಪಕ್ಕ ನಿಂತರು. ಧಣಿ ಕೂಗಿದ, ಬೆದರಿಸಿದ. ಯಾರೂ ಕದಲಲಿಲ್ಲ. ಕೊನೆಗೆ ಫೋನ್ ತೆಗೆದು, "ಮಹಡಿ ಕೆಲಸ ನಿಲ್ಲಿಸ್ರೋ, ಆ ಸ್ಟ್ಯಾಂಡ್ ಕಳಿಸಿ," ಎಂದು ಯಾರ ಮೇಲೋ ರೇಗಿದ.

ವೆಲ್ಡಿಂಗಿನವನು ಅವಳ ಕಡೆ ತಿರುಗಿದ. "ನೋಡಿದ್ಯಾ ತಾಯಿ, ತರಿಸಿದ್ವಿ!"

ಅಷ್ಟು ದಿನ ಅವಳ ಕಣ್ಣಲ್ಲಿ ಒಂದು ಹನಿ ಬಂದಿರಲಿಲ್ಲ. ಈಗ ನಿಂತಲ್ಲೇ ಕುಸಿದಳು. ತಮ್ಮ ಹಿಡಿದುಕೊಂಡ.

"ಇಷ್ಟೇನಾ?" ಎಂದಳು ಬಿಕ್ಕುತ್ತ. "ಇಷ್ಟು ಸುಲಭಾನಾ? ಅವತ್ತೂ ನೀವೆಲ್ಲ ಇಲ್ಲೇ ಇದ್ರಲ್ಲ."

ವೆಲ್ಡಿಂಗಿನವನು ತಲೆ ತಗ್ಗಿಸಿದ. ಆದರೆ ಯಾರೂ ಅಲ್ಲಿಂದ ಹೋಗಲಿಲ್ಲ.