ಬದಲಿ ಕಾರಿಗೆ ನಾಲ್ಕು ನಿಂಬೆಹಣ್ಣು

ನನ್ನ ಕಾರಿಗೆ ಕಾಲಿಡುವುದಿಲ್ಲ ಎಂದು ಅಪ್ಪ ಹೇಳಿ ಒಂದು ವರ್ಷ ನಾಲ್ಕು ತಿಂಗಳಾಗಿತ್ತು. ಆಡಿದ ಮಾತನ್ನು ಅವನು ಒಂದು ದಿನವೂ ಮುರಿದಿರಲಿಲ್ಲ. ಮಳೆ ಹೊಯ್ಯುತ್ತಿದ್ದರೂ ಕೊರಟಗೆರೆ ಬಸ್ ಸ್ಟ್ಯಾಂಡಿನಲ್ಲಿ ಕೊಡೆ ಹಿಡಿದು ಪ್ರೈವೇಟ್ ಬಸ್ಸಿಗೆ ಕಾಯುತ್ತಿದ್ದ. ನಾನು ಪಕ್ಕದಲ್ಲೇ ನಿಲ್ಲಿಸಿ ಹಾರ್ನ್ ಹೊಡೆದರೆ, ಯಾರದೋ ಗಾಡಿ ಅನ್ನುವಂತೆ ತುಮಕೂರಿನ ಕಡೆ ನೋಡುತ್ತಿದ್ದ. ಹಟದಲ್ಲಿ ನಾನೂ ಅವನ ಮಗಳೇ. ಎರಡನೇ ಸಲ ಹಾರ್ನ್ ಹೊಡೆಯುತ್ತಿರಲಿಲ್ಲ.

ಕಾರಣ ಹೇಳಿದರೆ ನಗುತ್ತೀರಿ. ಅಪ್ಪ ಪರ್ವತಯ್ಯ, ಬಸ್ ಸ್ಟ್ಯಾಂಡ್ ಹಿಂದಿನ ಬಸವಣ್ಣನ ಗುಡಿಯ ಅರ್ಚಕ. ನಲವತ್ತು ವರ್ಷದಿಂದ ಊರಿಗೆ ಬಂದ ಹೊಸ ಗಾಡಿಗಳೆಲ್ಲ, ಟ್ರ್ಯಾಕ್ಟರಿನಿಂದ ಹಿಡಿದು ಸ್ಕೂಟರಿನವರೆಗೆ, ಅವನ ಮುಂದೆ ಒಂದು ಗಳಿಗೆ ನಿಂತೇ ರಸ್ತೆಗಿಳಿದಿವೆ. ವಿಭೂತಿ, ಕುಂಕುಮ, ಹೂವು, ಒಂದೊಂದು ಚಕ್ರದ ಕೆಳಗೂ ಒಂದೊಂದು ನಿಂಬೆಹಣ್ಣು. ಊರಿನವರ ಬಾಯಲ್ಲಿ ಅವನು ನಿಂಬೆಹಣ್ಣಿನ ಐನೋರು. ಅಂಥವನ ಮಗಳು ನಾನು, ಚನ್ನರಾಯನದುರ್ಗದ ಹೈಸ್ಕೂಲಿನ ಗಣಿತದ ಟೀಚರ್ ಮಾನಸ, ಕಾರು ಕೊಂಡ ದಿನ ತುಮಕೂರಿನ ಷೋರೂಮಿನಲ್ಲೇ, ಅವರೇ ಗೊತ್ತುಮಾಡಿಟ್ಟಿದ್ದ ಪೂಜಾರಿಯ ಕೈಯಲ್ಲಿ ಪೂಜೆ ಮಾಡಿಸಿಕೊಂಡು ಬಂದುಬಿಟ್ಟೆ.

ಆ ದಿನ ಅಪ್ಪ ಬೆಳಗಿನಿಂದ ಗುಡಿಯ ಮೆಟ್ಟಿಲ ಮೇಲೆ ತಟ್ಟೆ ಸಿದ್ಧಮಾಡಿಕೊಂಡು ಕೂತಿದ್ದನಂತೆ. ಬಂದವರಿಗೆಲ್ಲ "ನಮ್ ಮಾನಸ ಕಾರು ತತ್ತಾವ್ಳೆ" ಅಂದಿದ್ದನಂತೆ. ಬಾನೆಟ್ಟಿನ ಮೇಲೆ ಷೋರೂಮಿನ ಹಾರ ಹಾಕಿಕೊಂಡೇ ನಾನು ಅವನ ಮುಂದೆ ಹಾದು ಹೋದೆ. ಸಂಜೆ ಮನೆಗೆ ಬಂದವನು, "ಪೂಜೆ ಆಗೋಗದಲ್ಲ, ಇನ್ನು ನಾನ್ಯಾಕೆ? ಆ ಕಾರ್ಗೆ ನಾನು ಕಾಲಿಡಾಕಿಲ್ಲ ಬುಡು" ಅಂದ. ಅಷ್ಟೇ. ಕೂಗಾಡಿದ್ದರೆ ನಾನೂ ಕೂಗಾಡಿ ಮುಗಿಸುತ್ತಿದ್ದೆ. ಟೈಮ್ ಉಳಿಯಲಿ ಅಂತ ಅಲ್ಲೇ ಮಾಡಿಸಿದೆ ಎಂದೆ. ಕೇಳಿದವರಿಗೆಲ್ಲ ಆಮೇಲೂ ಅದನ್ನೇ ಹೇಳಿಕೊಂಡು ಬಂದೆ.

ಈ ವರ್ಷ ಬೇಸಿಗೆ ರಜೆಗೆ ಮುಂಚೆ ಎರಡು ಸಂಗತಿ ಒಟ್ಟೊಟ್ಟಿಗೆ ಆದವು. ಅಪ್ಪನ ಬಲಗಣ್ಣಿಗೆ ಪೊರೆ ಬಂದು, ತುಮಕೂರಿನ ಆಸ್ಪತ್ರೆಯಲ್ಲಿ ಶುಕ್ರವಾರ ಆಪರೇಷನ್ ಎಂದು ನಿಗದಿಯಾಯಿತು. ಡಾಕ್ಟರು ನನ್ನನ್ನು ಕರೆದು, "ಆದಮೇಲೆ ಬಸ್ಸಲ್ಲಿ ಕಳಿಸ್ಬೇಡಿ. ಧೂಳು, ನೂಕಾಟ ಏನೂ ಆಗ್ಬಾರ್ದು. ಬಗ್ಗಬಾರ್ದು, ಭಾರ ಎತ್ತಬಾರ್ದು" ಎಂದರು. ಅಪ್ಪ ಅವರ ಎದುರಿಗೇ, "ಟವಲ್ ಕಟ್ಕೊಂಡು ಬಸ್ಸಲ್ಲೇ ಬತ್ತೀನಿ ಸ್ವಾಮಿ, ನಂಗೇನೂ ಆಗಾಕಿಲ್ಲ" ಅಂದ. ಬಾಡಿಗೆ ಕಾರು ಮಾಡೋಣವೆಂದು ಅಮ್ಮ ಹೇಳಿದಳು. ನನಗೆ ಸಿಟ್ಟು ನೆತ್ತಿಗೇರಿತು. ಮಗಳ ಕಾರು ಮನೆ ಮುಂದೆ ನಿಂತಿರುವಾಗ ಅಪ್ಪ ಬಾಡಿಗೆ ಕಾರಿನಲ್ಲಿ ಕಣ್ಣಿನ ಆಸ್ಪತ್ರೆಗೆ ಹೋಗುವುದೇ? ಅವನು ನನ್ನ ಕಾರು ಹತ್ತಬೇಕು. ನನಗೆ ಬೇಕಾಗಿದ್ದುದು ಅದೊಂದೇ. ಬಾಯಿಬಿಟ್ಟು ಕೇಳಲು ಮಾತ್ರ ನಾಲಿಗೆ ಏಳುತ್ತಿರಲಿಲ್ಲ.

ಎರಡನೆಯ ಸಂಗತಿ, ಅದೇ ವಾರ ಸೋಮವಾರ ಕಾರು ಕೈಕೊಟ್ಟಿತು. ಸಿದ್ದರಬೆಟ್ಟದ ದಾರಿಯ ಏರಿನಲ್ಲಿ ಕೆಂಪು ದೀಪ ಹತ್ತಿ, ಎರಡು ಸಲ ಗೊರ ಗೊರ ಅಂದು ನಿಂತೇಹೋಯಿತು. ವಾರಂಟಿ ಇನ್ನೂ ಇತ್ತು. ಎಳೆದುಕೊಂಡು ಹೋಗುವ ಗಾಡಿ ಬಂದು ತುಮಕೂರಿಗೆ ಒಯ್ದಿತು. ಅಲ್ಲಿನ ಸರ್ವೀಸ್ ಅಡ್ವೈಸರ್ ಪ್ರಸನ್ನ ಕುಮಾರ್ ಬಹಳ ನಯದ ಹುಡುಗ. "ಪಾರ್ಟು ಹೊರಗಿಂದ ಬರ್ಬೇಕು ಮೇಡಂ, ನಾಲ್ಕೈದು ದಿನ ಆಗುತ್ತೆ" ಅಂದ. ನಾನು ಟೀಚರ್ ದನಿ ತೆಗೆದೆ. ಶುಕ್ರವಾರ ಅಪ್ಪನ ಕಣ್ಣಿನ ಆಪರೇಷನ್, ನಿಮ್ಮ ಪಾರ್ಟಿಗೋಸ್ಕರ ಅವರೇನು ಬಸ್ಸಿನಲ್ಲಿ ಜೋತಾಡಬೇಕಾ ಎಂದೆ. ಬಸ್ಸಿನಲ್ಲಿ ಹೋಗುತ್ತೇನೆಂದು ಹಟ ಹಿಡಿದಿದ್ದವನು ಅಪ್ಪನೇ ಎಂಬುದನ್ನು ಆ ಹುಡುಗನಿಗೆ ಹೇಳುವ ಅಗತ್ಯವಿರಲಿಲ್ಲ. ಅವನು ಒಳಗೆ ಹೋಗಿ ಬಂದು, ರಿಪೇರಿ ಮುಗಿಯುವ ತನಕ ಬದಲಿ ಕಾರು ಕೊಡುತ್ತೇವೆ ಅಂದ.

ಬೂದಿ ಬಣ್ಣದ ಸಣ್ಣ ಕಾರು ಅದು. ಎಲ್ಲೆಲ್ಲಿ ಗೀರು ಬಿದ್ದಿದೆ ಎಂದು ಒಂದು ಹಾಳೆಯ ಮೇಲೆ ಗುರುತು ಹಾಕಿ ಸಹಿ ಮಾಡಿಸಿಕೊಂಡರು, ಹದಿನೇಳು ಗೀರು. ಹಿಂದಿನ ಸೀಟಿನ ಸಂದಿಯಲ್ಲಿ ಯಾರದೋ ಮಗುವಿನ ಹೇರ್ ಕ್ಲಿಪ್, ಬಿಸ್ಕತ್ತಿನ ಪುಡಿ. ಯಾರು ಯಾರ ಕೈಯಲ್ಲೋ ಓಡಿ ಓಡಿ ಕ್ಲಚ್ಚು ಸವೆದಿತ್ತು. ದೇವರ ಪಟವಿಲ್ಲ, ಕನ್ನಡಿಗೆ ಕಟ್ಟಿದ ದಾರವಿಲ್ಲ. ಮಂಗಳವಾರ ಮಧ್ಯಾಹ್ನ ಅದನ್ನು ತಂದು ಗುಡಿಯ ಮುಂದಿನ ಹೊಂಗೆ ಮರದ ನೆರಳಿನಲ್ಲಿ ನಿಲ್ಲಿಸಿದೆ.

ಅಪ್ಪ ಎದ್ದು ಬಂದು ಕಾರಿನ ಸುತ್ತ ಒಂದು ಸುತ್ತು ಹಾಕಿದ.

"ಇದ್ಯಾರ್ದು?"

"ಕಂಪನಿದು. ನನ್ನ ಕಾರು ರಿಪೇರಿಗೆ ಬಿಟ್ಟಿದೀನಿ. ಅದು ಬರೋ ತನಕ ಇಟ್ಕೊಳ್ಳಿ ಅಂತ ಕೊಟ್ಟವ್ರೆ."

"ನಿಂದಲ್ಲ ತಾನೆ?"

"ನಂದಲ್ಲ."

ಅವನು ಬಾಗಿ ಚಕ್ರ ನೋಡಿದ, ಬಾನೆಟ್ಟು ಸವರಿದ. ಎಲ್ಲೂ ಒಂದು ಚುಕ್ಕಿ ಕುಂಕುಮವಿರಲಿಲ್ಲ. "ಎಷ್ಟು ಓಡದೆ?" ಎಂದು ಕೇಳಿದ. ನಲವತ್ತೊಂದು ಸಾವಿರ ಕಿಲೋಮೀಟರ್ ಎಂದೆ.

"ಪಾಪ," ಅಂದ ಅಪ್ಪ. "ಇಷ್ಟು ಓಡದೆ, ಒಂದು ನಿಂಬೆಹಣ್ಣು ಕಂಡಿಲ್ವಲ್ಲಮ್ಮ ಇದು. ಎಲ್ಲಾರೂ ಓಡ್ಸವ್ರೆ, ಯಾರೂ ತಮ್ದು ಅಂದ್ಕಂಡಿಲ್ಲ."

ಒಳಗೆ ಹೋಗಿ ತಟ್ಟೆ ತಂದ. ಡೀಲರ್ ಕಾರಿಗೆ ಪೂಜೆ ಯಾಕೆ, ಕುಂಕುಮದ ಕಲೆಯಾದರೆ ಹದಿನೆಂಟನೇ ಗುರುತು ಹಾಕುತ್ತಾರೆ ಎಂದು ಹೇಳಲು ಬಾಯಿ ತೆರೆದು ಸುಮ್ಮನಾದೆ. ಯಾರ ಹೆಸರಿನಲ್ಲಿ ಪೂಜೆ ಎಂದು ಅವನೇ ಒಂದು ಗಳಿಗೆ ಯೋಚಿಸಿದ. "ಇದ್ರಲ್ಲಿ ಕೂತೋರು, ಇನ್ನು ಕೂರೋರು, ಎಲ್ಲಾರ್ ಹೆಸರಲ್ಲೂ" ಎಂದು ತಾನೇ ಉತ್ತರ ಹೇಳಿಕೊಂಡ. ಪಂಚೆ ಎತ್ತಿ ಕಟ್ಟಿ, ರಸ್ತೆಯಲ್ಲೇ ಮಂಡಿಯೂರಿ, ಒಂದೊಂದೇ ಚಕ್ರಕ್ಕೆ ನಿಂಬೆಹಣ್ಣು ಇಟ್ಟ. ಬಸ್ಸಿನ ಕಿಟಕಿಗಳಿಂದ ಜನ ನೋಡುತ್ತಿದ್ದರು. ನಾನು ಮರದ ಆಚೆ ನಿಂತು ಫೋನ್ ನೋಡುತ್ತಿದ್ದೆ. ಫೋನಿನಲ್ಲಿ ಏನೂ ಇರಲಿಲ್ಲ.

ಶುಕ್ರವಾರ ಬೆಳಿಗ್ಗೆ ಅವನು ಯಾರೂ ಕರೆಯದೆ ಬಂದು ಆ ಕಾರಿನ ಮುಂದಿನ ಸೀಟಿನಲ್ಲಿ ಕೂತ. "ಇದು ನಿಂದಲ್ವಲ್ಲ" ಎಂದು ಅಮ್ಮನಿಗೂ ನನಗೂ ಕೇಳುವಂತೆ ಹೇಳಿದ. ಅಮ್ಮ ಚನ್ನಮಲ್ಲಮ್ಮ ಹಿಂದಿನ ಸೀಟಿನಲ್ಲಿ ಸೆರಗು ಬಾಯಿಗೆ ಹಿಡಿದು ನಕ್ಕಳು.

ಆ ದಾರಿಯನ್ನು ಹೇಗೆ ಹೇಳಲಿ? ಯಾರದೂ ಅಲ್ಲದ ಕಾರಿನಲ್ಲಿ ನಾವಿಬ್ಬರೂ ಹಗುರವಾಗಿದ್ದೆವು. ಒಂದು ವರ್ಷದಿಂದ ಹೌದು, ಇಲ್ಲ, ಊಟ ಆಯ್ತಾ ಎಂಬಲ್ಲಿಗೆ ನಿಂತಿದ್ದ ಮಾತು ಹರಿಯಿತು. ಎ.ಸಿ. ಗಾಳಿಗೆ ಕೈಯೊಡ್ಡಿ, "ಇದೇನು ಒಳ್ಳೆ ಪುಷ್ಯಮಾಸದ ಚಳೀಲಿ ಕೂತಂಗಾಯ್ತದೆ" ಅಂದ. ನಾನು ಗೇರ್ ಬದಲಿಸುವುದನ್ನು ನೋಡಿ, ನೀನು ಚೆನ್ನಾಗಿ ಓಡಿಸುತ್ತೀಯೆ ಎಂದ. ಇಷ್ಟು ದಿನ ಅವನು ಅದನ್ನು ನೋಡಿಯೇ ಇರಲಿಲ್ಲ. ಆಪರೇಷನ್ ಸಲೀಸಾಗಿ ಆಯಿತು. ಶನಿವಾರ ಪಟ್ಟಿ ಬಿಚ್ಚಿಸಿಕೊಂಡು ಬರಲು ಮತ್ತೆ ಅದೇ ಕಾರಿನಲ್ಲಿ ಹೋದೆವು. ಮುಂದಿನ ಶುಕ್ರವಾರ ಇನ್ನೊಂದು ಸಲ ತೋರಿಸಬೇಕು ಎಂದರು.

ಆಸ್ಪತ್ರೆಯ ಬಾಗಿಲಲ್ಲೇ ಪ್ರಸನ್ನ ಕುಮಾರನ ಫೋನು. "ಮೇಡಂ, ಗುಡ್ ನ್ಯೂಸ್! ನಿಮ್ಮ ಕಾರು ರೆಡಿ."

"ಇಷ್ಟು ಬೇಗ ಯಾಕೆ?" ಎಂದೆ.

ಪಾಪ, ಅವನ ಜನ್ಮದಲ್ಲಿ ಯಾವ ಗಿರಾಕಿಯೂ ಹಾಗೆ ಕೇಳಿರಲಿಕ್ಕಿಲ್ಲ.

"ಇನ್ನೊಂದು ವಾರ ಇಟ್ಕೊಳ್ಳಿ. ಬ್ರೇಕು ನೋಡಿ, ಲೈಟು ನೋಡಿ, ಏನಾದ್ರೂ ಮಾಡ್ತಾ ಇರಿ."

"ಆಗಲ್ಲ ಮೇಡಂ, ಬದಲಿ ಕಾರಿಗೆ ಬೇರೆಯೋರು ಕಾಯ್ತಾವ್ರೆ. ಸೋಮವಾರ ತಂದುಬಿಡಿ."

ಭಾನುವಾರ ಅಮ್ಮ ಅಡುಗೆಮನೆಯಲ್ಲಿ ಒಂದು ಉಪಾಯ ಹೇಳಿಕೊಟ್ಟಳು. "ಇಂಜಿನ್ನೇ ಬದಲಾಯ್ಸವ್ರೆ ಅಂತ ಹೇಳ್ಬುಡು. ಇಂಜಿನ್ ಹೊಸದಾದ್ರೆ ಗಾಡಿ ಹೊಸದು. ಹಳೇ ಪೂಜೆ ಲೆಕ್ಕಕ್ಕಿಲ್ಲ ಅಂತ ನಿಮ್ಮಪ್ಪ ತಾನೇ ಹತ್ತುತ್ತಾನೆ." ಉಪಾಯ ಚೆನ್ನಾಗಿತ್ತು. ಮುಂದಿನ ಶುಕ್ರವಾರದ ತನಕ ಅದನ್ನೇ ಮನಸ್ಸಿನಲ್ಲಿ ಪಾಠ ಒಪ್ಪಿಸಿಕೊಂಡೆ.

ಸೋಮವಾರ ಬದಲಿ ಕಾರನ್ನು ಹಿಂತಿರುಗಿಸಿದಾಗ ಪ್ರಸನ್ನ ಕುಮಾರ್ ಹಾಳೆ ಹಿಡಿದು ಗೀರು ಎಣಿಸಿದ. ಬಾನೆಟ್ಟಿನ ಕುಂಕುಮ ನೋಡಿ ಒರೆಸಲು ಬಟ್ಟೆ ತೆಗೆದವನು, ಏನೆನಿಸಿತೋ, ಬಟ್ಟೆಯನ್ನು ಜೇಬಿಗೇ ಹಾಕಿಕೊಂಡ. "ಇರ್ಲಿ ಬಿಡಿ ಮೇಡಂ" ಅಂದ.

ಶುಕ್ರವಾರ ಸ್ಕೂಲಿಗೆ ರಜೆ ಹಾಕಿ ನನ್ನ ಕಾರನ್ನು ಗುಡಿಯ ಮುಂದೆ ನಿಲ್ಲಿಸಿದೆ. ಅಪ್ಪ ಕಪ್ಪು ಕನ್ನಡಕ ಹಾಕಿಕೊಂಡು ಮೆಟ್ಟಿಲ ಮೇಲೆ ಕೂತಿದ್ದ. ಪಕ್ಕದಲ್ಲಿ ಬಸ್ಸಿಗೆಂದು ಮಡಿಸಿಟ್ಟ ಟವಲ್.

"ಏನ್ ಬದಲಾಯ್ಸಿದ್ರು?" ಎಂದು ಅವನೇ ಕೇಳಿದ. ಕೇಳಿದ ರೀತಿಯಲ್ಲಿ ಅವನಿಗೂ ಒಂದು ನೆಪ ಬೇಕಿತ್ತು ಅನ್ನುವುದು ಗೊತ್ತಾಗುತ್ತಿತ್ತು. ಇಂಜಿನ್ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಆ ಕನ್ನಡಕದ ಎದುರಿಗೆ ನಿಂತು ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ.

"ಒಂದು ಸಣ್ಣ ಸೆನ್ಸರ್ ಅಪ್ಪಾ. ಹೆಬ್ಬೆರಳಿನಷ್ಟು. ಮಿಕ್ಕಿದ್ದೆಲ್ಲ ಹಳೇದೇ."

ಅವನು ತಲೆಯಾಡಿಸಿದ. ಟವಲ್ ಕೈಗೆ ತೆಗೆದುಕೊಂಡ. ಆಗ ಬಾಯಿಂದ ಮಾತು ತಾನಾಗಿ ಬಂತು.

"ಟೈಮ್ ಉಳಿಸೋಕಲ್ಲ ಅಪ್ಪಾ ಅವತ್ತು. ಕಾರಲ್ಲಿ ನಮ್ಮ ಸ್ಕೂಲಿನ ಟೀಚರ್‌ಗಳಿದ್ರು. ನೀನು ರಸ್ತೇಲಿ ಮಂಡಿಯೂರಿ ಚಕ್ರಕ್ಕೆ ನಿಂಬೆಹಣ್ಣು ಇಡೋದನ್ನ ಅವರು ನೋಡ್ತಾರಲ್ಲ ಅಂತ ನಾಚಿಕೆ ಆಯ್ತು. ಸಣ್ಣೋಳಿದ್ದಾಗಿಂದ ನಿಂಬೆಹಣ್ಣಿನ ಐನೋರ ಮಗಳು ಅನ್ನಿಸ್ಕೊಂಡು ಸಾಕಾಗಿತ್ತು. ತಪ್ಪು ಮಾಡ್ದೆ."

"ಗೊತ್ತಿತ್ತು ಕಣಮ್ಮ," ಅಂದ ಅಪ್ಪ. "ನನ್ನ ನೋಡಿ ನೀನು ಗ್ಲಾಸ್ ಏರಿಸ್ದೆ. ಆಗ ಈ ಕಣ್ಣು ಇನ್ನೂ ಚೆನ್ನಾಗಿತ್ತು. ಪೂಜೆಗಲ್ಲ ನಾನು ಮುನಿಸ್ಕಂಡಿದ್ದು."

ಗ್ಲಾಸು ಏರಿಸಿದ್ದು ನನಗೆ ಮರೆತೇಹೋಗಿತ್ತು. ಅವನು ಹೇಳಿದ ಕ್ಷಣ ಬಟನ್ ಒತ್ತಿದ ಬೆರಳು ಕೂಡ ನೆನಪಾಯಿತು. ಕಣ್ಣೀರು ಬಂತು, ಒರೆಸಿಕೊಳ್ಳಲಿಲ್ಲ.

ಅಪ್ಪ ಟವಲನ್ನು ಹೆಗಲಿಗೆ ಹಾಕಿಕೊಂಡು, ಒಳಗೆ ಹೋಗಿ ತಟ್ಟೆ ತಂದ. ಹೂವು ಬೆಳಗಿನದೇ, ನಿಂಬೆಹಣ್ಣು ನಾಲ್ಕು. ಬಾನೆಟ್ಟಿಗೆ ವಿಭೂತಿ ಎಳೆದು ಕುಂಕುಮ ಇಟ್ಟ. "ನಮ್ ಮಾನಸನ ಗಾಡಿ. ಕಾಪಾಡಪ್ಪ" ಎಂದು ಬಸವಣ್ಣನ ಕಡೆ ತಿರುಗಿ ಹೇಳಿದ. ಆಮೇಲೆ ನಿಂಬೆಹಣ್ಣುಗಳನ್ನು ನನ್ನ ಕೈಗೆ ಹಾಕಿದ.

"ನಾನು ಬಗ್ಗಂಗಿಲ್ಲ. ನೀನೇ ಇಡು."

ಒಂಬತ್ತು ಗಂಟೆಯ ಹೊತ್ತು. ಚನ್ನರಾಯನದುರ್ಗದ ಬಸ್ಸು ಅಲ್ಲೇ ನಿಂತಿತ್ತು, ಅದರ ಕಿಟಕಿಯಲ್ಲಿ ನಮ್ಮ ಒಂಬತ್ತನೇ ಕ್ಲಾಸಿನ ಹುಡುಗಿಯರು. "ಏಯ್, ಮಾನಸ ಮಿಸ್ಸು ಕಣ್ರೇ" ಎಂದು ಒಬ್ಬಳು ಕೂಗಿದಳು. ನಾನು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ರಸ್ತೆಯ ಮೇಲೆ ಮಂಡಿಯೂರಿದೆ. ಜಲ್ಲಿಕಲ್ಲು ಚುಚ್ಚಿತು. ಒಂದಿಟ್ಟೆ, ಎರಡಿಟ್ಟೆ. ಮೂರನೆಯದು ಉರುಳಿಹೋಯಿತು. "ಚಕ್ರಕ್ಕೆ ಒತ್ತಿ ಇಡಮ್ಮ, ಅಂಗಲ್ಲ" ಎಂದು ಅಪ್ಪ ಮೇಲಿನಿಂದ ಹೇಳಿಕೊಟ್ಟ. ನಲವತ್ತು ವರ್ಷ ಅವನ ಮಂಡಿಗಳು ಇದನ್ನೇ ಮಾಡಿದ್ದವು ಎನ್ನುವುದು ನನ್ನ ಮಂಡಿಗೆ ಆಗಲೇ ತಿಳಿದದ್ದು.

ಎದ್ದು ನೋಡಿದರೆ ಅವನು ಆಗಲೇ ಮುಂದಿನ ಸೀಟಿನಲ್ಲಿ ಕೂತಿದ್ದ.

ನಿಂಬೆಹಣ್ಣು ಪಚಕ್ಕೆಂದವು. ನಾನು ಅವನ ಕಡೆಯ ಗ್ಲಾಸು ಪೂರ್ತಿ ಇಳಿಸಿ, ಬಸ್ ಸ್ಟ್ಯಾಂಡಿನ ಉದ್ದಕ್ಕೂ ನಿಧಾನವಾಗಿ ಓಡಿಸಿದೆ. ಹೂವಿನಂಗಡಿಯ ಮಹಾಲಕ್ಷ್ಮಮ್ಮ ಎದ್ದು ನಿಂತು, "ಯಾರ್ ಕಾರು ಐನೋರೆ?" ಎಂದು ಕೂಗಿದಳು.

"ನಮ್ ಮಾನಸಂದು ಕಣಮ್ಮ," ಅಂದ ಅಪ್ಪ.

ಬಸ್ ಸ್ಟ್ಯಾಂಡು ದಾಟಿತು. ಅವನು ಟವಲಿನಿಂದ ಕಣ್ಣಿನ ಮಗ್ಗುಲು ಒತ್ತಿಕೊಂಡು ನನ್ನ ಕಡೆ ತಿರುಗಿದ.

"ಈಗ ಏರ್ಸಮ್ಮ ಗ್ಲಾಸು. ಧೂಳು ಬ್ಯಾಡ ಅಂದವ್ರೆ ಡಾಕ್ಟ್ರು."