ವಿಶ್ವನಾಥಪ್ಪನ ಮೂವತ್ತೆರಡು ಹಲ್ಲು

ಶಿವನ ದಯೆಯಿಂದ ಮುರುಮ ಊರಿನ ವಿಶ್ವನಾಥಪ್ಪನಿಗೆ ಕಮಿಷನ್ ಮೇಲೆ ಕಾಳುಕಡಿ ಮಾರಿಕೊಡುವ ಅಡತಿ ಅಂಗಡಿಯಿತ್ತು, ಅರವತ್ತರಲ್ಲೂ ಮೂವತ್ತೆರಡು ಹಲ್ಲಿದ್ದವು. ಮೂರು ತಿಂಗಳಿಂದ ತಲೆನೋವೂ ಸೇರಿಕೊಂಡಿತ್ತು. ಅದು ಕುತ್ತಿಗೆಯ ಹಿಂದೆ ಎದ್ದು, ಹಣೆಗೇರಿ, ಎಡದವಡೆಗಿಳಿದು ಕೂರುತ್ತಿತ್ತು. ಕನ್ನಡಕ ಬದಲಾಯಿತು. ಹೆಂಡತಿ ಸುಗಂಧಾ ದೃಷ್ಟಿಯನ್ನೂ ತೆಗೆದಳು. ಕಡಕ್ ರೊಟ್ಟಿಗೆ ಬಾಯಿ ಮಾತ್ರ ತೆರೆಯಲಿಲ್ಲ.

"ಇದು ದವಡಿ ಹಲ್ಲಿನ ಆಟ. ನಾಳೆ ಕೀಳಿಸಿಬಿಡ್ತೀನಿ!" ಎಂದ ವಿಶ್ವನಾಥಪ್ಪ.

"ಹಲ್ಲು ಗಟ್ಟಿ ಅದ ಅಂತ ಹಲ್ಲಿನ ಡಾಕ್ಟರೇ ಹೇಳ್ಯಾರಲ್ರೀ. ಕುತ್ತಿಗಿ ತೋರಸ್ರಿ ಅಂತ ಚೀಟಿ ಕೊಟ್ಟಾರ."

"ನೋವು ಹಲ್ಲಿಗೆ, ಚೀಟಿ ಕುತ್ತಿಗಿಗೆ! ಗಿರಾಕಿ ತೊಗರಿ ಕೇಳಿದ್ರ ನಾ ಹೆಸರು ತೂಗಲೇನು?"

ಬಾಗಿಲಲ್ಲಿದ್ದ ಆಶಾ ಕಾರ್ಯಕರ್ತೆ ಗುರುಬಾಯಿ ನಕ್ಕಳು. "ಕಾಕಾ, ಕಿತ್ತ ಹಲ್ಲು ಬಿತ್ತಿದ್ರ ಬೆಳಿಯಂಗಿಲ್ಲ. ಮೊದಲು ಉಮರ್ಗಾದಾಗ ಫಿಜಿಯೋಥೆರಪಿ ಮಾಡೋ ಸ್ವಪ್ನಾಲಿ ಮೇಡಂಗ ತೋರಸ್ರಿ."

"ತಿಕ್ಕಸ್ಕೊಳ್ಳಾಕ ಅಷ್ಟು ದೂರ? ನಮ್ಮನ್ಯಾಗ ಎಣ್ಣಿ ಇಲ್ಲೇನು?"

"ಹೋಗಿ ಬರೂತನಕ ನಿಮಗ ಗಂಜಿನೇ!" ಎಂದಳು ಸುಗಂಧಾ. ಮೂರನೆಯ ಗಂಜಿಗೆ ಅವನು ಬಸ್ಸು ಹತ್ತಿದ.

ಸ್ವಪ್ನಾಲಿ ಹಲ್ಲು ನೋಡಲೇ ಇಲ್ಲ. "ದುಕಾನದಾಗ ಹ್ಯಾಂಗ ಕೆಲಸ ಮಾಡ್ತೀರಿ, ತೋರಸ್ರಿ" ಎಂದಳು.

ಅಷ್ಟರಲ್ಲಿ ನಿಜವಾಗಿಯೇ, ಅಂಗಡಿಗೆ ತೊಗರಿ ಮಾರಲು ತಂದಿದ್ದ ರವಿಕಾಂತನ ಫೋನ್ ಬಂತು. ವಿಶ್ವನಾಥಪ್ಪ ಅದನ್ನು ಎಡಗಿವಿಗೂ ಭುಜಕ್ಕೂ ನಡುವೆ ಒತ್ತಿ ಹಿಡಿದ. ಜೇಬಿನಲ್ಲಿದ್ದ ಅವನ ಮಾಲಿನ ತೊಗರಿ ಕಾಳು ಎಡದವಡೆಗೆ ಹಾಕಿ, ಹಸಿಯೋ ಒಣವೋ ಎಂದು ಕಡಿದು ನೋಡಿ, "ರವಿಕಾಂತಾ, ಮಾಲು ಹಸಿ ಅದ!" ಎಂದು ಕೂಗಿದ. ಕೂಡಲೇ "ಅಯ್ಯಯ್ಯೋ!" ಎಂದು ದವಡೆ ಹಿಡಿದುಕೊಂಡ.

"ದಿನಕ್ಕ ಎಷ್ಟು ಸಲ ಹಿಂಗ?"

"ಸೀಜನ್‌ದಾಗ ನೂರು ಆಗಬಹುದು."

ಅವನ ಕೊರಳ ಲಿಂಗದ ಕರಡಿಗೆ ನೋಡಿ, "ಮುಂಜಾನಿ ಲಿಂಗಪೂಜಿಗೆ ಹ್ಯಾಂಗ ಕೂಡ್ತೀರಿ?" ಎಂದು ಕೇಳಿದಳು.

ವಿಶ್ವನಾಥಪ್ಪ ಬೆನ್ನು ನೆಟ್ಟಗೆ ಮಾಡಿ, ಇಷ್ಟಲಿಂಗ ಹಿಡಿದಂತೆ ಎಡ ಅಂಗೈಯನ್ನು ಕಣ್ಣೆದುರಿಗೆ ಎತ್ತಿದ. ಮುಖ ಶಾಂತವಾಯಿತು, ದವಡೆ ಸಡಿಲಾಯಿತು.

"ನೋಡ್ರಿ, ಶಿವನ ಮುಂದ ನೆಟ್ಟಗ, ಮೊಬೈಲ್ ಮುಂದ ಸೊಟ್ಟ! ಕುತ್ತಿಗಿ, ತಲಿ, ದವಡಿ ನರಗೋಳು ಒಳಗ ಒಂದೇ ಕಡಿ ಕೂಡ್ತಾವ. ಅದಕ್ಕ ಕುತ್ತಿಗಿ ಬಿಗದ್ರ ಎಲ್ಲಾ ನೋಯ್ತಾವ."

ಅವಳು ಕೈಯಿಂದ ಕುತ್ತಿಗೆ, ದವಡೆಗಳ ಬಿಗಿತ ಸಡಿಲಿಸಿ, ಗದ್ದ ಹಿಂದಕ್ಕೆ ಎಳೆಯುವ ವ್ಯಾಯಾಮ ಕಲಿಸಿದಳು. "ತುಟಿ ಕೂಡಿರಲಿ, ಹಲ್ಲು ಬಿಡಿಯಾಗಿರಲಿ" ಎಂದು ಹೇಳಿ ಕಳಿಸಿದಳು.

ಪೂಜೆಯಂತೆ ತಪ್ಪದೆ ಮಾಡಿದ. ಆರು ವಾರಕ್ಕೆ ಕಡಕ್ ರೊಟ್ಟಿ ಮುರಿದ; ಮೂವತ್ತೆರಡೂ ಹಲ್ಲು ಜಾಗದಲ್ಲೇ ಇದ್ದವು. ಈಗ ಕಾಳಿನ ಹಸಿ ನೋಡಲು ಯಂತ್ರವಿದೆ. ಫೋನ್ ಮೇಜಿನ ಮೇಲೆ ಸ್ಪೀಕರಿನಲ್ಲಿರುತ್ತದೆ. ಅವನ ವ್ಯಾಪಾರದ ಗುಟ್ಟು ಇಡೀ ಬಜಾರಕ್ಕೆ ಗೊತ್ತು!

ಅಣ್ಣಾ, ಅಕ್ಕಾ, ನಿಮ್ಮ ತಲೆನೋವೂ ಕುತ್ತಿಗೆಯಿಂದ ಏಳುತ್ತಿದೆಯೇ? ವೈದ್ಯರಿಗೆ ತೋರಿಸಿ, ಫಿಜಿಯೋಥೆರಪಿ ಬೇಕೇ ಎಂದು ಕೇಳಿ. ಸಿಡಿಲಿನಂಥ ತಲೆನೋವು, ಜ್ವರ, ಕೈಕಾಲು ಸೋಲುವುದು, ಮಾತು ತೊದಲುವುದು ಅಥವಾ ಎದೆನೋವಿನ ಜೊತೆ ದವಡೆನೋವು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಶಿವ ಕೊಟ್ಟ ಗಟ್ಟಿ ಹಲ್ಲನ್ನು ಅವಸರಪಟ್ಟು ಕೀಳಿಸಬೇಡಿ. ಮೊದಲು ಕುತ್ತಿಗೆಯನ್ನು ವಿಚಾರಿಸಿ.